ಘಾಟ ಇಳಿಯುವ ಹೊತ್ತು

"ಫೋನ್ ಕೊಡ ಅಂದ್ನಿ! ನನ್ನ ಮಗಗ ಫೋನ್ ಹಚ್ಚಾಕ ನಿನ್ನ ಕೇಳಬೇಕೇನ ನಾ?"

ದುಂಡವ್ವ ಸೊಸೆಯ ರಟ್ಟೆ ಹಿಡಿದು ಜಗ್ಗಿದಳು. ಶೋಭಾ ಅತ್ತೆಯ ಫೋನನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಳು. ಪಡಸಾಲೆಯಲ್ಲಿ ಮಾವ ಯಲ್ಲಾರಿ ಚಾಪೆಯ ಮೇಲೆ ಬಿದ್ದಿದ್ದ. ಬೆಳಿಗ್ಗೆ ಚಹಾ ಕುಡಿದು ಏಳುವಾಗ ಎದೆ ಹಿಡಿದುಕೊಂಡು ಕುಸಿದವನು... ಆಂಬುಲೆನ್ಸ್ ಇನ್ನೂ ಅವರ ಊರು ಬಾಗೇವಾಡಿಯನ್ನು ಮುಟ್ಟಿರಲಿಲ್ಲ.

"ಅತ್ತಿ, ಕೈ ಮುಗಿತೇನ್ರಿ, ಈಗ ಬ್ಯಾಡ! ಅವರು ಸಕ್ಕರಿ ಲೋಡ್ ತಗೊಂಡು ತವಂದಿ ಘಾಟ ಇಳ್ಯಾಕತ್ತಾರ. ಈ ಸುದ್ದಿ ಕೇಳಿದ್ರ ಸ್ಟೇರಿಂಗ್ ಮ್ಯಾಲ ಕೈ ನಿಲ್ಲತೈತೇನ್ರಿ? ಲಾರಿ ಆಫೀಸಿಗೆ ತಿಳಿಸೇನಿ, ಗಾಡಿ ಎಲ್ಲೈತಂತ ಅವರ ಹೇಳಿದ್ರು. ಗಾಡಿ ನಿಂತ ಕೂಡ್ಲೇ ಹೇಳ್ತಾರ..."

"ಹಡದಪ್ಪ ಸಾಯಾಕತ್ತಾನ, ಇಕಿ ಗಾಡಿ ನಿಲ್ಲೂದ ಕಾಯತಾಳ! ನೀ ಹೆಣ್ಣೋ, ಕಲ್ಲೋ?"

ಈ ವೈರ ಇಂದಿನದಲ್ಲ. ಹಾಲು ಉಕ್ಕಿದರೂ ದುಂಡವ್ವ ಲಾರಿ ಓಡಿಸುವ ಮಗ ಬಾಳೇಶನಿಗೆ ಫೋನ್ ಹಚ್ಚಿ ಸೊಸೆಯ ಮೇಲೆ ಚಾಡಿ ಹೇಳುವವಳು. ಅವ್ವನ ಹೆಸರು ಕಂಡರೆ ಅವನು ಎತ್ತದೆ ಇರುವವನಲ್ಲ. ದೀಪಾವಳಿಗೆ ಶೋಭಾ ಅವನ ಲಾರಿಯಲ್ಲೇ ತವರು ಮೂಡಲಗಿಗೆ ಹೊರಟಿದ್ದಳು. ಒಂದು ಕೈಯಲ್ಲಿ ಫೋನ್ ಹಿಡಿದು ಅವ್ವನನ್ನು ಸಮಾಧಾನ ಮಾಡುತ್ತಿದ್ದವನಿಗೆ ಎದುರು ಬಂದ ಕಬ್ಬಿನ ಟ್ರ್ಯಾಕ್ಟರ್ ಕಾಣಲೇ ಇಲ್ಲ! ಅವಳು ಚೀರಿದ್ದಕ್ಕೆ ಲಾರಿ ರಸ್ತೆ ಬಿಟ್ಟು ಹೊಲಕ್ಕೆ ಇಳಿದು ನಿಂತಿತು. ಊರಿಗೆ ಮರಳಿದ ಮೇಲೆ ಅವಳು ಸಂಕೇಶ್ವರಕ್ಕೆ ಹೋಗಿ ಲಾರಿ ಮಾಲಕ ರಾಜಪ್ಪನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಗಾಡಿ ಓಡುವಾಗ ಯಾರೂ ಫೋನ್ ಮುಟ್ಟಕೂಡದು, ಮನೆಯವರ ಸುದ್ದಿ ಆಫೀಸಿನ ಮೂಲಕ, ಗಾಡಿ ನಿಂತ ಮೇಲೆ ಎಂದು ರಾಜಪ್ಪ ಎಲ್ಲ ಡ್ರೈವರುಗಳಿಗೂ ತಾಕೀತು ಮಾಡಿದ. ಅಂದಿನಿಂದ ದುಂಡವ್ವನ ಬಾಯಲ್ಲಿ ಅವಳು 'ಗಂಡನ ಅನ್ನಕ್ಕ ಮಣ್ಣ ಹಾಕಾಕ ಹೋದಾಕಿ'!

"ಬಾಳ್ಯಾ... ಬಾರೋ ಬಾಳ್ಯಾ..." ಯಲ್ಲಾರಿಯ ತುಟಿ ಅಲುಗಿತು.

ಶೋಭಾಳ ಎದೆ ಒಡೆಯಿತು. ಮಗನ ದನಿ ಒಮ್ಮೆ ಕೇಳಿಸಿಬಿಡಲೇ? ಬೆರಳು ಗಂಡನ ಹೆಸರಿನ ತನಕ ಹೋಯಿತು... ಆದರೆ ಒತ್ತಲಿಲ್ಲ. ಮಾವನ ಪಕ್ಕ ಕುಸಿದು ಅವನ ಅಂಗೈ ತಿಕ್ಕತೊಡಗಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಕೈ ತಣ್ಣಗಾಗಿತ್ತು.

ಘಾಟ ಇಳಿದು ನಿಂತಾಗ ಸುದ್ದಿ ತಿಳಿದ ಬಾಳೇಶ ಸಿಕ್ಕ ಬಸ್ಸು ಹಿಡಿದು ಬಂದ. ಅಪ್ಪನ ಪಾದ ಹಿಡಿದು ಅತ್ತ. "ನಾ ಹಚ್ಚಾಕ ಹೋದ್ನಿ, ಇಕಿ ಬಿಡಲಿಲ್ಲ ನನ್ನಪ್ಪಾ!" ಎಂದು ದುಂಡವ್ವ ಹಣೆ ಬಡಿದುಕೊಂಡಾಗ ಹೆಂಡತಿಯ ಕಡೆ ಅವನು ನೋಡಿದ ನೋಟಕ್ಕಿಂತ ಹೊಡೆತವೇ ಹಗುರವಾಗುತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ, ಬೀಗರು ಬಿಜ್ಜರು ಕೂತಿರುವಾಗಲೇ ದುಂಡವ್ವ ಶೋಭಾಳ ಟ್ರಂಕನ್ನು ಅಂಗಳಕ್ಕೆ ಎಸೆದಳು.

"ಈ ಮನ್ಯಾಗ ಇಕಿ ಇರಬೇಕು, ಇಲ್ಲಾ ನಾ ಇರಬೇಕು! ಹೇಳ ಬಾಳ್ಯಾ!"

ತಲೆ ತಗ್ಗಿಸಿ ಕೂತಿದ್ದ ಬಾಳೇಶ ಅವ್ವನ ಕಡೆ ತಿರುಗಿದ.

"ಅವ್ವಾ, ಆ ಹೊತ್ತಿನ್ಯಾಗ ನನ್ನ ಮುಂದ ಸಾಲಿ ಹುಡುಗರು ತುಂಬಿದ ಟೆಂಪೋ ಇಳ್ಯಾಕತ್ತಿತ್ತು. ಹಿಂದಿನ ಬಾಗಲದಾಗ ಕುಂತ ಹುಡುಗಿ ನನಗ ಕೈ ಬೀಸಿ ನಗಾಕತ್ತಿದ್ಳು. ನಿನ್ನ ಅಳು ಕೇಳಿದ್ದರ ನನ್ನ ಕಾಲು ಬ್ರೇಕ್ ಮ್ಯಾಲ ಇರತಿತ್ತೋ ಇಲ್ಲೋ... ನನಗ ಗೊತ್ತಿಲ್ಲ. ಅಪ್ಪನ ಮಾರಿ ನೋಡಲಿಲ್ಲಂತ ಸಾಯೂತನ ಅಳತೇನಿ. ಆದ್ರ ಇಕಿನ್ನ ಕಳಸೂದಿಲ್ಲ."

ಅವನೇ ಎದ್ದು ಟ್ರಂಕನ್ನು ಒಳಗಿಟ್ಟ. ದುಂಡವ್ವ ಕಂಬಕ್ಕೆ ಒರಗಿ ಕೂತಳು. ಆಮೇಲೆ ಸೊಸೆಯ ಮುಖ ನೋಡದೆಯೇ ಹೇಳಿದಳು:

"ನೀ ಮಾಡಿದ್ದು ಖರೆ ಇರಬಹುದು. ಇರು. ಆದ್ರ ನನ್ನ ಜೋಡಿ ಮಾತಾಡಬ್ಯಾಡ. ನನ್ನ ಗಂಡ ಮಗನ್ನ ಕರಕೋತ ಹ್ವಾದ... ಆ ದನಿ ನನ್ನ ಕಿವಿಯಿಂದ ಹೋಗೂದಿಲ್ಲ."

"ಹೂನ್ರಿ ಅತ್ತಿ," ಎಂದಳು ಶೋಭಾ.

ಅವಳ ಕಿವಿಯಿಂದಲೂ ಅದು ಹೋಗಿರಲಿಲ್ಲ. ಅದನ್ನು ಹೇಳಿಕೊಳ್ಳಲು ಈ ಮನೆಯಲ್ಲಿ ಅವಳಿಗೆ ಯಾರಿದ್ದರು? ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಮೊದಲ ಬಿಸಿ ರೊಟ್ಟಿಯನ್ನು ಅತ್ತೆಯ ಮುಂದಿಟ್ಟು ಸರಿದು ನಿಂತಳು. ರೊಟ್ಟಿ ಆರುವ ಹೊತ್ತಿಗೆ ದುಂಡವ್ವ, ಗೋಡೆಯ ಕಡೆ ಮುಖ ಮಾಡಿಕೊಂಡು, ಒಂದು ತುತ್ತು ಮುರಿದಳು.