ಗೌರಿಯ ಮಂಗಳವಾರದ ಹಾಲು

“ಇನ್ನೊಂದ್ ಸಲ ಓದ್ಲಾ. ಜೋರಾಗಿ ಓದು,” ಎಂದ ದಿಲೀಪ್. ತಾನು ಬರೆದ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಕೇಳುವುದೆಂದರೆ ಅವನಿಗೆ ಬಲು ಖುಷಿ.

ಯಾಸಿನ್ ಗಂಟಲು ಸರಿ ಮಾಡಿಕೊಂಡು ಓದಿದ:

“ಗೌರಿ ಎಂಬ ಹಸು ಸೋಮವಾರ ಕರು ಹಾಕಿತು. ಮಂಗಳವಾರ ಬೆಳಿಗ್ಗೆ ಅದು 5 ಲೀಟರ್ 500 ಮಿಲಿಲೀಟರ್, ಸಂಜೆ 4 ಲೀಟರ್ 750 ಮಿಲಿಲೀಟರ್ ಹಾಲು ಕೊಟ್ಟಿತು. ಅದರಲ್ಲಿ 2 ಲೀಟರ್ ಕರುವಿಗೆ ಕುಡಿಸಿದರು. ಹಾಗಾದರೆ ಮಂಗಳವಾರ ಡೈರಿಗೆ ಹಾಕಿದ ಹಾಲು ಎಷ್ಟು?”

“ಎಂಗದೆ?”

“ಉದ್ದ ಅದೆ ಕಣ್ಲಾ.”

“ಅದೇ ಮತ್ತೆ! ಉದ್ದ ಇದ್ರೇನೇ ಎದ್ರಿಕೊಳ್ಳೋದು.”

ಐದನೇ ಕ್ಲಾಸಿನ ಲೆಕ್ಕದ ಟೆಸ್ಟಿಗೆ ಈ ಸಲ ಏಳನೇ ಕ್ಲಾಸಿನವರೇ ಪ್ರಶ್ನೆ ಬರೆಯಬೇಕು ಎಂದು ಸುನಿತಾ ಮಿಸ್ ಹೇಳಿದ್ದರು. ಒಬ್ಬರು ಬರೆಯಬೇಕು, ಇನ್ನೊಬ್ಬರು ಅದನ್ನು ಬಿಡಿಸಿ ನೋಡಿ ಸರಿಯಿದೆಯೇ ಎಂದು ಹೇಳಬೇಕು. ಮಿಸ್ ಆರಿಸಿದ ಪ್ರಶ್ನೆಗಳ ಕೆಳಗೆ ಬರೆದವರ ಹೆಸರೂ ಪ್ರಿಂಟ್ ಆಗುತ್ತದೆ. ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೈದು ತೆಗೆದವರು ನಾಗಮಂಗಲದ ಲೆಕ್ಕದ ಸ್ಪರ್ಧೆಗೆ ಹೋಗುತ್ತಾರೆ.

ದಿಲೀಪನ ತಂಗಿ ಅರ್ಪಿತ ಐದನೇ ಕ್ಲಾಸು. ಲೆಕ್ಕದಲ್ಲಿ ಅವಳಿಗೆ ಯಾವಾಗಲೂ ಇಪ್ಪತ್ತೈದು. ದಿಲೀಪನಿಗೆ ಹೋದ ಸಲ ಬಂದದ್ದು ಹನ್ನೊಂದು. ಅದನ್ನು ಅವಳು ನೆಂಟರೆದುರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹಾಗಾಗಿ ದಿಲೀಪ್ ಪ್ರಶ್ನೆ ಬರೆದದ್ದು ಇಡೀ ಐದನೇ ಕ್ಲಾಸಿಗಲ್ಲ, ಒಬ್ಬಳಿಗೆ.

ಯಾಸಿನ್ ನಾಲಿಗೆ ಹೊರಗೆ ಹಾಕಿಕೊಂಡು ಲೆಕ್ಕ ಮಾಡಿದ. “8 ಲೀಟರ್ 250. ಸರಿನಾ?”

“ಸರಿ,” ಎಂದ ದಿಲೀಪ್. ಯಾಸಿನ್ ಕೆಳಗೆ ‘ನೋಡಿದ್ದೇನೆ’ ಎಂದು ಬರೆದು ಸೈನ್ ಹಾಕಿದ, ದೊಡ್ಡ ಆಫೀಸರನ ಹಾಗೆ.

ಸುನಿತಾ ಮಿಸ್ ಪ್ರಶ್ನೆ ಓದಿ ಹುಬ್ಬು ಗಂಟಿಕ್ಕಿದರು. “ಕರು ಹಾಕಿದ ವಿಷಯ ಇಲ್ಲಿ ಯಾಕೆ ಬೇಕು, ದಿಲೀಪ್? ಅದಿಲ್ಲದೇ ಇದ್ರೂ ಲೆಕ್ಕ ಆಗುತ್ತಲ್ಲ?”

“ಕತೆ ಚೆನ್ನಾಗಿರುತ್ತೆ ಮಿಸ್.”

ಅಷ್ಟರಲ್ಲಿ ಬೆಲ್ ಹೊಡೆಯಿತು. ಮಿಸ್ ಹತ್ತಬೇಕಾದ ದೇವಲಾಪುರದ ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಮಿಸ್ “ಇರಲಿ” ಎಂದು ಅದನ್ನೂ ಸೇರಿಸಿಕೊಂಡರು.

ಶುಕ್ರವಾರ ಟೆಸ್ಟ್ ಮುಗಿಯಿತು. ಪ್ರಶ್ನೆ ಬರೆದ ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯ ಉತ್ತರವನ್ನು ತಾವೇ ತಿದ್ದಬೇಕು. ದಿಲೀಪ್ ಕೆಂಪು ಪೆನ್ನು ಹಿಡಿದು ಕೂತ. ಪೆನ್ನು ಕೈಗೆ ಬಂದದ್ದೇ ಅವನ ಬೆನ್ನು ನೆಟ್ಟಗಾಯಿತು. 8 ಲೀಟರ್ 250 ಇದ್ದರೆ ರೈಟು, ಇಲ್ಲದಿದ್ದರೆ ರಾಂಗು. ಓದುವ ಗೊಡವೆಯೇ ಇಲ್ಲ. ಬಹಳ ಜನ ಏನೋ ಎರಡು ಸಾಲು ಗೀಚಿದ್ದರು, ಅಂಕಿಯೇ ಇರಲಿಲ್ಲ. ‘ಪಾಪ, ಎದ್ರಿಕೊಂಡವ್ರೆ’ ಎಂದುಕೊಂಡ. ಅರ್ಪಿತಳ ಹಾಳೆಯಲ್ಲೂ ಅಂಕಿ ಇರಲಿಲ್ಲ. ಅಲ್ಲಿ ಮಾತ್ರ ಇಂಟು ಮಾರ್ಕು ಸ್ವಲ್ಪ ದೊಡ್ಡದಾಗಿಯೇ ಬಿತ್ತು.

ಅರ್ಪಿತಳಿಗೆ ಇಪ್ಪತ್ನಾಲ್ಕು. ಮೊಬೈಲ್ ಅಂಗಡಿಯವರ ಮಗ ರಾಹುಲ್‌ಗೆ ಇಪ್ಪತ್ತೈದು.

ಮನೆಗೆ ಬಂದ ಅರ್ಪಿತ ಅಳಲಿಲ್ಲ, ಜಗಳ ಆಡಲಿಲ್ಲ. ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿ ಹಿತ್ತಲಿಗೆ ಹೋದಳು. ದಿಲೀಪನಿಗೆ ಬೇಜಾರಾಯಿತು. ಜಗಳ ಆಡಿದರೆ ಹೇಳಲು ಒಳ್ಳೊಳ್ಳೆ ಮಾತು ರೆಡಿ ಮಾಡಿಕೊಂಡಿದ್ದ. ಎಲ್ಲಾ ವೇಸ್ಟ್.

ಶನಿವಾರ ಸಂಜೆ ಅವ್ವ ಕ್ಯಾನು ಕೈಗಿಟ್ಟಳು. “ಡೈರಿಗೆ ಆಕ್ಬುಟ್ಟು ಬಾ ಮಗ. ಚೆಲ್ಬೇಡ.”

ಡೈರಿಯಲ್ಲಿ ಕೆಂಪಣ್ಣ ಹಾಲು ಅಳೆಯುತ್ತಿದ್ದರು. “ಯಾವ ಅಸೀದ್ಲಾ ಇದು?”

“ಗೌರೀದು.”

“ಓ, ಸೋಮವಾರ ಕರ ಆಕ್ತಲ್ಲ, ಅದಾ? ಗಿಣ್ಣಾಲು ಮುಗೀತಾ? ಇನ್ನೂ ಇದ್ರೆ ತಗಳಕಿಲ್ಲ ಕಣಪ್ಪಾ. ಕ್ಯಾನಲ್ಲಿರೋ ಆಲೆಲ್ಲಾ ಒಡ್ದೋಯ್ತದೆ.”

“ಮುಗೀತು. ಅವ್ವ ನೋಡೇ ಕಳ್ಸವ್ಳೆ,” ಎಂದ ದಿಲೀಪ್. ಎಂದವನು ಹಾಗೇ ನಿಂತುಬಿಟ್ಟ.

ಗಿಣ್ಣು ಹಾಲು. ಕರು ಹಾಕಿದ ಹೊಸತರಲ್ಲಿ ಬರುವ ದಪ್ಪ ಹಾಲು. ಅದನ್ನು ಡೈರಿಗೆ ಹಾಕುವವರು ಯಾರು? ಗೌರಿಯ ಮಂಗಳವಾರದ ಹಾಲು ಮನೆಮನೆಗೆ ಹೋಗಿತ್ತು. ತಂಬಿಗೆ ಹಿಡಿದು ಹಂಚಿದವನು ಯಾರು? ದಿಲೀಪ್! ಯಾಸಿನ್ ಅಮ್ಮ ತಂಬಿಗೆಯನ್ನು ಬರಿದಾಗಿ ಕೊಡಬಾರದೆಂದು ಒಂದು ಅಚ್ಚು ಬೆಲ್ಲ ಹಾಕಿ ಕೊಟ್ಟಿದ್ದರು. ಅದರಲ್ಲಿ ಅರ್ಧವನ್ನು ದಾರಿಯಲ್ಲೇ ಮುಗಿಸಿದವನೂ ದಿಲೀಪ್. ಮಾರನೆಯ ದಿನ “ಗಿಣ್ಣು ಸೂಪರ್ ಕಣ್ಲಾ” ಎಂದು ಹೊಟ್ಟೆ ಸವರಿಕೊಂಡ ಯಾಸಿನ್, ಅದೇ ಬಾಯಲ್ಲಿ ಪ್ರಶ್ನೆ ಓದಿ ಸೈನ್ ಹಾಕಿದ್ದ.

“ಮುಂದಕ್ಕೆ ಓಗ್ಲಾ, ಇಂದೆ ಜನ ಅವ್ರೆ,” ಎಂದರು ಕೆಂಪಣ್ಣ.

ಮನೆಗೆ ಬಂದವನೇ ಅರ್ಪಿತಳ ಬ್ಯಾಗಿನಿಂದ ಹಾಳೆ ಎಳೆದ. ತಾನೇ ತಿದ್ದಿದ ಉತ್ತರವನ್ನು ಮೊದಲ ಸಲ ಓದಿದ.

‘ಡೈರಿಗೆ ಹಾಕಲಿಲ್ಲ. ಅದು ಗಿಣ್ಣು ಹಾಲು. ಮನೆಮನೆಗೆ ಹಂಚಿದರು. ನಮ್ಮಣ್ಣನೇ ಹಂಚಿದ.’

ಅದರ ಮೇಲೆ ದೊಡ್ಡ ಕೆಂಪು ಇಂಟು.

“ಲೇ ಅಮ್ಮಿ, ಮೊದ್ಲೇ ಯಾಕ್ ಹೇಳ್ನಿಲ್ಲ?”

ಅರ್ಪಿತ ಕರುವಿನ ಕತ್ತು ಕೆರೆಯುತ್ತಾ ಹೇಳಿದಳು, “ಬರ್ದಿದ್ನಲ್ಲಣ್ಣ. ನೀನೇ ಓದ್ನಿಲ್ಲ.”

ಭಾನುವಾರವಿಡೀ ದಿಲೀಪ್ ಯೋಚಿಸಿದ. ಸುಮ್ಮನಿದ್ದರೆ ಮಿಸ್‌ಗೆ ಗೊತ್ತಾಗುವುದಿಲ್ಲ. ಪ್ರಿಂಟ್ ಆಗಿರುವ ಹೆಸರು ಹಾಗೇ ಇರುತ್ತದೆ, ಯಾರೂ ನಗುವುದಿಲ್ಲ. ಹೇಳಿದರೆ ಇಡೀ ಶಾಲೆ ‘ಗಿಣ್ಣು ದಿಲೀಪ’ ಎಂದು ಕರೆಯುತ್ತದೆ. ಜೊತೆಗೆ ಅರ್ಪಿತಳಿಗೆ ಮತ್ತೆ ಇಪ್ಪತ್ತೈದು! ಆದರೆ ಕಣ್ಣು ಮುಚ್ಚಿದರೆ ಆ ಕೊನೆಯ ಸಾಲೇ ಕಾಣುತ್ತಿತ್ತು. ನಮ್ಮಣ್ಣನೇ ಹಂಚಿದ.

ಸೋಮವಾರ ಬೆಳಿಗ್ಗೆ ಅವನು ಯಾಸಿನ್‌ನನ್ನೂ ಎಳೆದುಕೊಂಡು ಸ್ಟಾಫ್ ರೂಮಿಗೆ ಹೋದ.

“ಮಿಸ್, ನನ್ನ ಪ್ರಶ್ನೆ ತಪ್ಪು ಮಿಸ್.”

ಮಿಸ್ ಎಲ್ಲ ಕೇಳಿಸಿಕೊಂಡು, ಐದನೇ ಕ್ಲಾಸಿನವರಿಂದ ಉತ್ತರದ ಹಾಳೆಗಳನ್ನು ವಾಪಸ್ ತರಿಸಿ ಮೇಜಿನ ಮೇಲೆ ಹರಡಿದರು. ಒಂದೊಂದನ್ನೂ ಓದಿ ಎರಡು ಗುಡ್ಡೆ ಮಾಡಿದರು. ಹಸು ಇಲ್ಲದ ಮನೆಯ ಮಕ್ಕಳೆಲ್ಲ 8 ಲೀಟರ್ 250 ಎಂದಿದ್ದರು. ಹಸು ಇರುವ ಮನೆಯವರೆಲ್ಲ ಗಿಣ್ಣು ಎಂದಿದ್ದರು.

“ಎರಡು ಉತ್ತರಕ್ಕೂ ಮಾರ್ಕ್ಸ್ ಕೊಡೋಣ. ಹಾಗಾದ್ರೆ ಅರ್ಪಿತನೂ ರಾಹುಲ್ ಜೊತೆ ನಾಗಮಂಗಲಕ್ಕೆ ಹೋಗ್ತಾಳೆ,” ಎಂದರು ಮಿಸ್. ಆಮೇಲೆ ಪ್ರಶ್ನೆಪತ್ರಿಕೆ ತೆಗೆದು, ದಿಲೀಪನ ಹೆಸರಿನ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಒಂದು ದುಂಡು ಸೊನ್ನೆ ಬರೆದರು.

ತಾನೇ ಪ್ರಶ್ನೆ ಬರೆದ ಟೆಸ್ಟಿನಲ್ಲಿ ತಾನೇ ಸೊನ್ನೆ ತೆಗೆದವನು ಈ ಶಾಲೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ ಎಂದುಕೊಂಡ ದಿಲೀಪ್.

“ನಾನೂ ಕೇಳಿ ಸುಮ್ಮನೆ ಬಿಟ್ಟೆನಲ್ಲ. ಈ ಸೊನ್ನೆಯಲ್ಲಿ ಅರ್ಧ ನನ್ನದು,” ಎಂದರು ಮಿಸ್.

“ನಂದೂ ಸೈನ್ ಅದೆ ಮಿಸ್, ನಂಗೂ ಪಾಲು ಬರ್ಬೇಕು,” ಎಂದ ಯಾಸಿನ್. “ಸೊನ್ನೆ ಎಷ್ಟ್ ಭಾಗ ಮಾಡಿದ್ರೂ ಎಲ್ಲಾರ್ಗೂ ಸೊನ್ನೇನೆ ಬುಡಿ.”

ಮಿಸ್ ನಕ್ಕುಬಿಟ್ಟರು. “ಮುಂದಿನ ವಾರ ನಾಲ್ಕನೇ ಕ್ಲಾಸಿನವರಿಗೆ ಟೆಸ್ಟ್. ಇಬ್ಬರೂ ಇನ್ನೊಂದು ಪ್ರಶ್ನೆ ತನ್ನಿ.”

ಅಂದು ಸಂಜೆ ದಿಲೀಪ್ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಬರೆದ. ಬಸ್ಸಿನ ಲೆಕ್ಕ. ಬರೆದು ಮುಗಿಸಿ ಅರ್ಪಿತಳ ಕೈಗೆ ಕೊಟ್ಟ.

ಅವಳು ಅನುಮಾನದಿಂದ ನೋಡಿದಳು. “ಇದು ಯಾರ್ನ ಬೀಳ್ಸಕ್ಕೆ?”

“ಯಾರ್ನೂ ಇಲ್ಲ ಕಣಮ್ಮಿ. ಓದು. ಓದಿದ್ರೆ ಏನನ್ಸುತ್ತೆ ಹೇಳು.”

ಅರ್ಪಿತ ತುಟಿ ಆಡಿಸುತ್ತಾ ಓದಿದಳು. ಎರಡನೇ ಸಾಲಿನ ಮೇಲೆ ಬೆರಳಿಟ್ಟಳು. “ಡ್ರೈವರ್ ಮೀಸೆ ವಿಷ್ಯ ಯಾಕಣ್ಣ?”

ಅದು ದಿಲೀಪನಿಗೆ ಬಹಳ ಇಷ್ಟವಾದ ಸಾಲು. ಅದನ್ನು ಬರೆದಾಗ ಅವನೇ ನಕ್ಕಿದ್ದ.

ಅವನು ಅದನ್ನು ಇನ್ನೊಂದು ಸಲ ಓದಿಕೊಂಡ. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಮೀಸೆಯ ಮೇಲೆ ಗೆರೆ ಎಳೆದ. ಮಿಕ್ಕದ್ದನ್ನು ಮತ್ತೆ ಅವಳ ಕಡೆ ತಿರುಗಿಸಿದ.

“ಈಗ ಓದು.”