ಸಿಹಿ ಗುಳಿಗೆಯ ಸೀಸೆ

"ಸ್ನೇಹಲ್, ನನ್ನ ಬಾಟ್ಲಿ ನೋಡೀಯೇನು?"

ಅಜ್ಜ ಮಂಚದ ಕೆಳಗೆ ತಲೆ ಹಾಕಿಕೊಂಡು ಕೇಳಿದ.

"ಯಾವ ಬಾಟ್ಲಿ ಅಜ್ಜ?" ಸ್ನೇಹಲ್ ಹೋಂವರ್ಕ್ ಬರೆಯುತ್ತಲೇ ಅಂದಳು.

"ಸಣ್ಣದು, ಗಾಜಿಂದು. ಗಿಟಾರ್ ಬಾರಸೂ ಮುಂದ ಬೆರಳಿಗೆ ಹಾಕ್ಕೋತೀನಲ್ಲ, ಅದು. ದಿನಾ ಔಷಧದ ಕಪಾಟಿನ್ಯಾಗ ಇಡ್ತೀನಿ. ಇವತ್ತ ಅಲ್ಲಿ ಇಲ್ಲ."

ಸ್ನೇಹಲ್‌ಳ ಪೆನ್ಸಿಲ್ ನಿಂತಿತು.

ಬೆಳಿಗ್ಗೆ ಔಷಧದ ಕಪಾಟು ಖಾಲಿ ಮಾಡಿದವಳು ಅವಳೇ. ನಾಳೆ ಅಜ್ಜಿ ತೀರಿಕೊಂಡು ಒಂದು ವರ್ಷ. ಪೂಜೆ ಮಾಡಿಸುವ ಅಯ್ಯನವರು ಬರುತ್ತಾರೆ, ಭಜನೆಯವರು ಬರುತ್ತಾರೆ, ಮನೆ ಸ್ವಚ್ಛ ಆಗಬೇಕು ಎಂದು ಮಮ್ಮಿ ಎಲ್ಲರಿಗೂ ಒಂದೊಂದು ಕೆಲಸ ಹಚ್ಚಿದ್ದಳು. ಸ್ನೇಹಲ್‌ಗೆ ಈ ಕಪಾಟು. ಅವಳಿಗೆ ಬೇಗ ಮುಗಿಸಿ ಸೈಕಲ್ ಹೊಡೆಯಲು ಹೋಗಬೇಕಿತ್ತು. ಹಳೆಯ ಮಾತ್ರೆಗಳ ಹಾಳೆ, ಒಣಗಿದ ಮುಲಾಮು, ಮುಚ್ಚಳ ಹಾಕಿದ ಒಂದು ಖಾಲಿ ಸೀಸೆ, ಎಲ್ಲವನ್ನೂ ಒಂದೇ ಕೈಯಲ್ಲಿ ಒಣ ಕಸದ ಚೀಲಕ್ಕೆ ಸರಿಸಿದ್ದಳು. ಎಂಟೂವರೆಗೆ ಕಸದ ಗಾಡಿಯ ರಾಧಾಬಾಯಿ ಬಂದು ಚೀಲ ಒಯ್ದಿದ್ದಳು.

ಅಜ್ಜನ ಬೆರಳಲ್ಲಿ ಆ ಸೀಸೆಯನ್ನು ಸ್ನೇಹಲ್ ದಿನವೂ ನೋಡುತ್ತಿದ್ದಳು. ಆದರೆ ಅದು ಗಿಟಾರಿನ ಅಂಗಡಿಯಲ್ಲಿ ಕೊಂಡದ್ದು ಎಂದು ತಿಳಿದಿದ್ದಳು. ಮುಚ್ಚಳ ಹಾಕಿಕೊಂಡು ಔಷಧಗಳ ನಡುವೆ ನಿಂತದ್ದು ಅದೇ ಎಂದು ಅವಳಿಗೆ ಹೊಳೆದಿರಲಿಲ್ಲ.

"ಇಲ್ಲ ಅಜ್ಜ, ನಾ ನೋಡಿಲ್ಲ," ಅಂದಳು.

ಸುಳ್ಳು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಬಾಯಿ ತಾನೇ ಹೇಳಿಬಿಟ್ಟಿತು.

"ಇರಲಿ, ಇಲ್ಲೇ ಎಲ್ಲೋ ಇರ್ತದ," ಎಂದು ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದ. ಹಣೆಯ ವಿಭೂತಿಗೆ ಧೂಳು ಮೆತ್ತಿತ್ತು. ಈಗ ಅವನು ಹಾಸಿಗೆ ಕೊಡವತೊಡಗಿದ.

ಅಜ್ಜನ ಹೆಸರು ಮುರುಗೆಪ್ಪ. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಮೂವತ್ತೈದು ವರ್ಷ ಕಾರಕೂನನಾಗಿದ್ದ. ಆಗೆಲ್ಲ ಪ್ರತಿ ಸೋಮವಾರ ಸಂಜೆ ಮನೆಯಲ್ಲಿ ಭಜನೆ. ಅಜ್ಜ ಹಾಡುತ್ತಿದ್ದ, ಅಜ್ಜಿ ಸಾವಂತ್ರವ್ವ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದಳು. ಅಜ್ಜಿ ಹೋದ ಮೇಲೆ ಅಜ್ಜ ಪೂಜೆ ಬಿಡಲಿಲ್ಲ, ವಿಭೂತಿ ಬಿಡಲಿಲ್ಲ. ಹಾಡು ಮಾತ್ರ ಅವನ ಬಾಯಿಂದ ಹೊರಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಚಪ್ಪಲಿ ತರಲು ಕ್ಯಾಂಪಿನ ಪೇಟೆಗೆ ಹೋದವನು ಚಪ್ಪಲಿ ಇಲ್ಲದೆ ಬಂದ.

"ಒಂದು ಅಂಗಡಿ ಮ್ಯಾಲಿನ ಕೋಣ್ಯಾಗ ಒಬ್ಬಾಂವ ಗಿಟಾರ್ ಬಾರಸಾಕತ್ತಿದ್ದ," ಎಂದು ಊಟಕ್ಕೆ ಕೂತಾಗ ಹೇಳಿದ. "ಬ್ಲೂಸ್ ಅಂತಾರಂತ ಅದಕ್ಕ. ಹಿಂದಕ್ಕ ಅಮೇರಿಕಾದಾಗ ಹತ್ತಿ ಹೊಲದಾಗ ದುಡಿಯೋ ಕಪ್ಪು ಜನ ತಮ್ಮ ದುಃಖ ಹಾಡಿಕೊಂಡದ್ದು. ಒಂದು ಮಾತು ಎರಡು ಸಲ ಹಾಡ್ತಾರ, ಮೂರನೇದಕ್ಕ ಉತ್ತರ ಹೇಳ್ತಾರ. ನಮ್ಮ ಭಜನಿ ಪದ ಇದ್ದಂಗ ಅದ."

ಹೀಗೆ ಅರವತ್ತೇಳನೆಯ ವಯಸ್ಸಿಗೆ ಅಜ್ಜ ಗಿಟಾರ್ ಕ್ಲಾಸಿಗೆ ಸೇರಿದ. ಪಪ್ಪಾನ ಕಾಲೇಜು ದಿನಗಳ ಗಿಟಾರ್ ಅಲ್ಮಾರಿಯ ಮೇಲಿಂದ ಕೆಳಗಿಳಿಯಿತು. ಕಲಿಸುವ ಅವಿನಾಶ್ ಸರ್ ಪಪ್ಪಾನಿಗಿಂತ ಸಣ್ಣವರು. ಆದರೂ ಅವರು ಕೋಣೆಗೆ ಬಂದರೆ ಅಜ್ಜ ಎದ್ದು ನಿಲ್ಲುತ್ತಿದ್ದನಂತೆ.

ಅಜ್ಜನ ಬೆರಳ ಗೆಣ್ಣುಗಳು ಬಾತಿದ್ದವು. ತಂತಿ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. "ಒತ್ತಬೇಡಿ ಕಾಕಾ. ಬೆರಳಿಗೆ ಒಂದು ನಳಿಗೆ ಹಾಕಿ ತಂತಿಯ ಮೇಲೆ ಜಾರಿಸಿ," ಎಂದರು ಸರ್. ಅಂಗಡಿಯ ಉಕ್ಕಿನ ನಳಿಗೆ ಅಜ್ಜನ ದಪ್ಪ ಬೆರಳಿಗೆ ಹೋಗಲೇ ಇಲ್ಲ. ಮರುದಿನದಿಂದ ಅವನ ಬೆರಳಲ್ಲಿ ಈ ಸೀಸೆ ಇತ್ತು. ಅದು ಜಾರಿದರೆ ತಂತಿ ಮನುಷ್ಯರ ಹಾಗೆ ನರಳುತ್ತಿತ್ತು.

ಅಜ್ಜ ಕಲಿಯುತ್ತಿದ್ದದ್ದು ಅಜ್ಜಿಗೆ ಇಷ್ಟವಾಗಿದ್ದ ಒಂದು ಭಜನೆ ಪದ. ಮೊದಲ ಸಾಲು ನುಡಿಸುತ್ತಿದ್ದ, ಅದನ್ನೇ ಮತ್ತೊಮ್ಮೆ ನುಡಿಸುತ್ತಿದ್ದ. ಆಮೇಲೆ ಕೈ ಎತ್ತಿ ಸುಮ್ಮನೆ ಕೂತುಬಿಡುತ್ತಿದ್ದ. ಪ್ರತಿ ಸಲವೂ ಅದೇ ಜಾಗದಲ್ಲಿ. ಪಾಪ, ಅಜ್ಜನಿಗೆ ಮುಂದಿನದು ಮರೆತುಹೋಗುತ್ತದೆ ಎಂದು ಸ್ನೇಹಲ್ ಅಂದುಕೊಳ್ಳುತ್ತಿದ್ದಳು.

ಆ ಪದವನ್ನು ಅವನು ನಾಳೆ ಅಜ್ಜಿಯ ಫೋಟೋದ ಮುಂದೆ ನುಡಿಸುವವನಿದ್ದ.

"ಮಾವಾರ, ಚಾ ಆರಿಹೋತ್ರಿ," ಎಂದು ಮಮ್ಮಿ ಅಡುಗೆಮನೆಯಿಂದ ಬಂದಳು. "ಒಂದು ಬಾಟ್ಲಿ ಸಲುವಾಗಿ ಎಷ್ಟು ಹುಡುಕ್ತೀರಿ? ಅಲ್ರೀ, ನಾಳೆ ಭಜನಿ ಮಂದಿ ಮುಂದ ಗಿಟಾರ್ ಬಾರಸಬೇಕೇನ್ರಿ? ಏನಂದಾರು?"

"ಏಕತಾರಿಗೆ ಒಂದು ತಂತಿ, ಇದಕ್ಕ ಆರು. ಐದು ಜಾಸ್ತಿ ಅವ ಅಂತ ಶಿವಾ ಸಿಟ್ಟಾಗ್ತಾನೇನವಾ?"

ಮಮ್ಮಿ ನಕ್ಕಳು. ಅಜ್ಜ ನಗಲಿಲ್ಲ. ಅವನು ದಿಂಬಿನ ಗವಸಣಿಗೆಯೊಳಗೆ ಕೈ ಹಾಕಿ ತಡಕುತ್ತಿದ್ದ. ಸ್ನೇಹಲ್ ಪೆನ್ಸಿಲ್ ಕೆಳಗಿಟ್ಟಳು. ಈಗ ಹೇಳಲೇ? ಹೇಳಿದರೆ, ಆಗಲೇ ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾರೆ.

"ಮಮ್ಮಿ, ಸೈಕಲ್ ಹೊಡದು ಬರ್ತೀನಿ," ಎಂದು ಎದ್ದಳು. ಅದು ಎರಡನೆಯ ಸುಳ್ಳು.

ರಾಧಾಬಾಯಿ ಕಸ ವಿಂಗಡಿಸುವ ತಗಡಿನ ಶೆಡ್ ಗಲ್ಲಿಯ ಕೊನೆಗೆ, ತರಕಾರಿ ಮಂಡಿಯ ಹಿಂದೆ ಇತ್ತು. ಸ್ನೇಹಲ್ ಅಲ್ಲಿಗೆ ಒಬ್ಬಳೇ ಎಂದೂ ಹೋಗಿರಲಿಲ್ಲ. ಶೆಡ್ಡಿನ ಮುಂದೆ ವಿಂಗಡಿಸಿದ ಕಸ ಒಯ್ಯುವ ಟೆಂಪೋ ಆಗಲೇ ನಿಂತಿತ್ತು. ಡ್ರೈವರ್ ಕಾಗದದ ಗಂಟುಗಳನ್ನು ಏರಿಸುತ್ತಿದ್ದ. ಅವಳು ಸೈಕಲ್ಲನ್ನು ಅಲ್ಲೇ ಬೀಳಿಸಿ ಓಡಿದಳು.

"ಕಾಯ್ ಝಾಲಂ ಗ?" ಏನಾಯಿತೇ ಎಂದು ರಾಧಾಬಾಯಿ ಮರಾಠಿಯಲ್ಲಿ ಕೇಳಿದಳು. ಅವಳ ಸುತ್ತ ಪ್ಲಾಸ್ಟಿಕ್ ಒಂದು ಗುಡ್ಡೆ, ರಟ್ಟು ಒಂದು ಗುಡ್ಡೆ ಇತ್ತು.

ಸ್ನೇಹಲ್ ಏದುಸಿರು ಬಿಡುತ್ತ ಮರಾಠಿಯಲ್ಲೇ ಎಲ್ಲ ಹೇಳಿದಳು. ಸುಳ್ಳು ಹೇಳಿದ್ದನ್ನೂ ಹೇಳಿದಳು. ಮನೆಯಲ್ಲಿ ಹೊರಡದ ಮಾತು ಇಲ್ಲಿ ಹೇಗೆ ಹೊರಟಿತೋ ಅವಳಿಗೇ ತಿಳಿಯಲಿಲ್ಲ.

"ಗಾಜಿನ ಚೀಲಗಳು ಮೂರಿವೆ. ಟೆಂಪೋದವ ಈಗ ಚಹಾಕ್ಕೆ ಹೋಗುತ್ತಾನೆ, ಬರುವವರೆಗೆ ಹುಡುಕು," ಎಂದು ರಾಧಾಬಾಯಿ ತನ್ನ ಕೈಗವಸು ಬಿಚ್ಚಿ ಕೊಟ್ಟಳು. "ಬರಿಗೈ ಹಾಕಿದರೆ ನಾನೇ ಎರಡು ಏಟು ಕೊಡುತ್ತೇನೆ ನಿನಗೆ."

ಗವಸು ಸ್ನೇಹಲ್‌ಳ ಮೊಣಕೈವರೆಗೆ ಬಂತು. ಅವಳು ಒಂದೊಂದೇ ಸೀಸೆ ತೆಗೆದು ನೆಲದ ಮೇಲೆ ಇಡತೊಡಗಿದಳು. ಉಪ್ಪಿನಕಾಯಿಯ ಬರಣಿ, ಸಾಸ್ ಬಾಟಲಿ, ಕೆಮ್ಮಿನ ಔಷಧದ ಕಂದು ಬಾಟಲಿ. ಮೊದಲ ಚೀಲ ಮುಗಿಯಿತು. ಎರಡನೆಯದೂ ಮುಗಿಯಿತು. ಆಚೆ ಟೆಂಪೋದವ ಚಹಾದ ಕಪ್ಪು ಕೆಳಗಿಡುವುದು ಕಾಣಿಸಿತು.

ಮೂರನೆಯ ಚೀಲದ ತಳದಲ್ಲಿ ಅದು ಸಿಕ್ಕಿತು. ಮುಚ್ಚಳದ ಸಂದಿಗೆ ಬಿರುಕು ಬಿಟ್ಟಿತ್ತು. ಸ್ನೇಹಲ್ ಮುಚ್ಚಳ ತಿರುಗಿಸಿದಳು. ಬಾಯಿಯ ಅಂಚಿನಿಂದ ಗಾಜಿನ ಒಂದು ಚೂರು ಕಳಚಿ ಕೆಳಗೆ ಬಿತ್ತು.

ಆಗಲೇ ಸೀಸೆಯೊಳಗಿಂದ ಒಂದು ವಾಸನೆ ಬಂತು. ಸಕ್ಕರೆ ಮತ್ತು ಸ್ಪಿರಿಟ್ ಬೆರೆತ ವಾಸನೆ.

ಹೋಮಿಯೋಪಥಿ ಗುಳಿಗೆ. ಸಾಬುದಾಣಿಯಂಥ ಬಿಳಿ ಗುಳಿಗೆ. ಊಟಕ್ಕೆ ಮೊದಲು ಅಜ್ಜಿ ಅಂಗೈಗೆ ಸುರಿದುಕೊಳ್ಳುತ್ತಿದ್ದಳು. "ನಾಕು ನನಗ, ಎರಡು ನಿನಗ. ನಿಮ್ಮವ್ವಗ ಹೇಳಬ್ಯಾಡ," ಎನ್ನುತ್ತಿದ್ದಳು. ಸ್ನೇಹಲ್ ನಾಲಗೆ ಚಾಚುತ್ತಿದ್ದಳು. ಅಜ್ಜಿಯ ಬೆರಳು ಯಾವಾಗಲೂ ತಣ್ಣಗಿರುತ್ತಿತ್ತು.

ಇದು ಗಿಟಾರಿನ ಅಂಗಡಿಯದಲ್ಲ, ಅಜ್ಜಿಯ ಔಷಧದ ಸೀಸೆ.

ಅಜ್ಜಿ ಹೋದ ದಿನ ಎಲ್ಲರೂ ಅತ್ತಿದ್ದರು. ಸ್ನೇಹಲ್‌ಗೆ ಅಳು ಬಂದಿರಲಿಲ್ಲ. ಈಗ, ರಟ್ಟಿನ ಗುಡ್ಡೆಯ ಪಕ್ಕದಲ್ಲಿ ಕೂತು, ದೊಡ್ಡ ಗವಸಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತಳು. ರಾಧಾಬಾಯಿ ನೆಲದ ಮೇಲಿದ್ದ ಸೀಸೆಗಳನ್ನು ಮತ್ತೆ ತುಂಬಿದಳು. ಚೀಲಗಳ ಬಾಯಿ ಕಟ್ಟಿ ಟೆಂಪೋದವನಿಗೆ ಕೊಟ್ಟಳು. ಆಮೇಲೆ ಬಂದು, ಗವಸು ತೆಗೆದು, ನಲ್ಲಿಯ ಕೆಳಗೆ ಅವಳ ಕೈ ತೊಳೆಸಿದಳು. ಸೀಸೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಮನೆಗೆ ಬಂದಾಗ ಅಜ್ಜ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹುಡುಕುವುದನ್ನು ಬಿಟ್ಟಿದ್ದ. ಖಾಲಿ ಅರೆಯನ್ನೇ ನೋಡುತ್ತಿದ್ದ.

"ಅಜ್ಜ, ನಾನಽ ಕಸಕ್ಕ ಹಾಕಿದ್ದೆ. ನೋಡಿಲ್ಲ ಅಂದದ್ದು ಸುಳ್ಳು." ಸ್ನೇಹಲ್ ಒಂದೇ ಉಸಿರಿಗೆ ಹೇಳಿ ಬಟ್ಟೆಯ ಗಂಟು ಮುಂದೆ ಹಿಡಿದಳು. "ಹುಡುಕಿ ತಂದೀನಿ. ಆದ್ರ ಬಾಯಿ ಒಡದದ."

ಅಜ್ಜ ಗಂಟು ತೆಗೆದುಕೊಂಡು ಪಕ್ಕಕ್ಕಿಟ್ಟ. ಅವಳ ಎರಡೂ ಕೈ ಹಿಡಿದು, ಮಗುಚಿ, ಒಂದೊಂದು ಬೆರಳನ್ನೂ ಬೆಳಕಿಗೆ ಹಿಡಿದು ನೋಡಿದ.

"ಎಲ್ಲೂ ಕೊಯ್ಕೊಂಡಿಲ್ಲಲ್ಲ?"

"ಇಲ್ಲ."

ಆಮೇಲೆ ಬಟ್ಟೆ ಬಿಚ್ಚಿದ. ಒಡೆದ ಅಂಚಿನ ಮೇಲೆ ಹೆಬ್ಬೆರಳು ಮೆಲ್ಲಗೆ ಆಡಿಸಿದ. ಸ್ನೇಹಲ್‌ಗೆ ಬೈಗುಳವೇ ಬಂದರೆ ಒಳ್ಳೆಯದು ಅನ್ನಿಸಿತು.

"ಅಜ್ಜಿ ನನಗ ದಿನಾ ಎರಡು ಗುಳಿಗಿ ಕೊಡ್ತಿದ್ದಳು," ಅಂದಳು.

"ಗೊತ್ತದ," ಎಂದ ಅಜ್ಜ. "ತಿಂಗಳದ ಔಷಧ ಇಪ್ಪತ್ತ ದಿನಕ್ಕ ಖಾಲಿ ಆಗ್ತಿತ್ತು. ತರಾಂವ ನಾನಽ ಅಲ್ಲೇನು?"

ಗಾಯಕ್ಕೆ ಹಚ್ಚುವ ಪಟ್ಟಿ ತಂದು ಇಬ್ಬರೂ ಸೀಸೆಯ ಬಾಯಿಗೆ ಮೂರು ಸುತ್ತು ಸುತ್ತಿದರು. ಅಜ್ಜ ಬೆರಳು ತೂರಿಸಿ ನೋಡಿದ. ಬಿಗಿಯಾಗಿತ್ತು, ಆದರೆ ಚುಚ್ಚಲಿಲ್ಲ. ಚಾಪೆ ಹಾಸಿ ಗಿಟಾರ್ ತೊಡೆಗೆ ಏರಿಸಿದ.

ಮೊದಲ ಸಾಲು ನುಡಿಸಿದ. ಅದನ್ನೇ ಮತ್ತೊಮ್ಮೆ ನುಡಿಸಿದ. ಎಂದಿನಂತೆ ಕೈ ಎತ್ತಿ ನಿಲ್ಲಿಸಿದ.

ಇವತ್ತು ಸ್ನೇಹಲ್ ಅವನ ಮುಖವನ್ನು ನೋಡಿದಳು. ಮರೆತವರ ಮುಖ ಹಾಗಿರುವುದಿಲ್ಲ. ಅಜ್ಜ ತನ್ನ ಎಡಕ್ಕೆ, ಚಾಪೆಯ ಮೇಲೆ ಅಜ್ಜಿ ಕೂರುತ್ತಿದ್ದ ಖಾಲಿ ಜಾಗದ ಕಡೆಗೆ ಸ್ವಲ್ಪ ಕಿವಿ ಕೊಟ್ಟು ಕೂತಿದ್ದ.

ಸ್ನೇಹಲ್ ಎದ್ದು ದೇವರ ಜಗಲಿಗೆ ಹೋದಳು. ಅಜ್ಜಿಯ ತಾಳಗಳು ಒಂದು ವರ್ಷದಿಂದ ಕೆಂಪು ವಸ್ತ್ರದ ಮೇಲೆ ಹಾಗೆಯೇ ಇದ್ದವು. ಅವನ್ನು ಎತ್ತಿಕೊಂಡು ಬಂದು ಅಜ್ಜನ ಎಡಕ್ಕೆ ಕೂತಳು.

"ನನಗ ಸರಿ ಬರಂಗಿಲ್ಲ ಅಜ್ಜ."

"ನನಗೆಲ್ಲಿ ಸರಿ ಬರ್ತದ?" ಎಂದ ಅಜ್ಜ.

ಮೊದಲ ಸಾಲು ಬಂತು. ಎರಡನೆಯ ಸಲವೂ ಬಂತು. ಅಜ್ಜನ ಕೈ ಮೇಲೆ ನಿಂತಿತು. ಸ್ನೇಹಲ್ ಉಸಿರು ಹಿಡಿದು ತಾಳ ಕೂಡಿಸಿದಳು. ಸ್ವಲ್ಪ ತಡವಾಯಿತು. ಆದರೂ ಅಜ್ಜ ಅದಕ್ಕಾಗಿ ಕಾದಿದ್ದು, ಆಮೇಲೆಯೇ ಮೂರನೆಯ ಸಾಲಿಗೆ ಕೈ ಇಳಿಸಿದ.