ಮೇಲಿನ ಕಂಪ್ಯೂಟರು, ಕೆಳಗಿನ ಕಂಪ್ಯೂಟರು

"ಮತ್ತೆ ಬರೋಕೆ ನೆಪ ಬೇಕಂತ ನೀವೇ ಕೆಡಿಸಿ ಹೋಗ್ತೀರೇನ್ರಿ?"

ರಶ್ಮಿತಾ ಹೀಗೆ ಕೇಳಿದಾಗ ಕೊಟ್ಟೂರೇಶ್ ಮೇಜಿನ ಕೆಳಗೆ ವೈರು ಹಿಡಿದು ಕೂತಿದ್ದ. ಮೆಲ್ಲಗೆ ಎದ್ದು ನಿಂತ. ಮುಖ ಬಾಡಿತ್ತು.

ಅದು ೧೯೯೯. ದಾವಣಗೆರೆಯ ತಮ್ಮ ಮನೆಯ ಮಹಡಿಯಲ್ಲಿ ರಶ್ಮಿತಾ ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತಿದ್ದಳು. ಪ್ರಿಂಟರ್ ಇದ್ದದ್ದು ಕೆಳಗೆ, ಅಪ್ಪ ಬಕ್ಕೇಶಪ್ಪನವರ ಕಂಪ್ಯೂಟರಿಗೆ. ಎರಡೂ ಕಂಪ್ಯೂಟರುಗಳನ್ನು ವೈರಿನಿಂದ ಜೋಡಿಸಿಕೊಟ್ಟವನು ಹರಿಹರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕೊಟ್ಟೂರೇಶ್. ಒಂದನ್ನೊಂದು ಗುರುತಿಸಲು ಅಡ್ರೆಸ್ಸಿನ ಹಾಗೆ ಒಂದೊಂದಕ್ಕೂ ಬೇರೆ ಬೇರೆ ಐಪಿ ನಂಬರ್ ಕೊಟ್ಟು ಹೋಗುತ್ತಿದ್ದ. ಅವನು ಅತ್ತ ಹೋದರೆ ಇತ್ತ ಎರಡಕ್ಕೂ ಒಂದೇ ನಂಬರ್ ಆಗಿ, ಪ್ರಿಂಟ್ ನಿಂತುಬಿಡುತ್ತಿತ್ತು.

ಅವನು ಬಂದರೆ ಅವಳಿಗೂ ಖುಷಿಯೇ. ಆದರೆ ಇವತ್ತು ಪತ್ರಿಕೆ ತಡವಾಗಿ, ಮದುವೆ ಮನೆಯವರಿಂದ ಬೈಸಿಕೊಂಡಿದ್ದಳು.

"ನಂಬರ್ ಯಾರೋ ಬದಲು ಮಾಡ್ಯಾರ್ರಿ. ನಾನಲ್ಲ."

ಸರಿಮಾಡಿಕೊಟ್ಟು, "ಇನ್ಮೇಲೆ ಬೇರೆಯವರನ್ನ ಕರೀರಿ" ಎಂದು ಹೊರಟೇಬಿಟ್ಟ.

ಮರುದಿನ ಬೆಳಿಗ್ಗೆ ರಶ್ಮಿತಾ ಕೆಳಗಿಳಿದಾಗ ಬಕ್ಕೇಶಪ್ಪ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂತಿದ್ದರು.

"ಏನ್ ಮಾಡ್ತಿದೀರಿ ಅಪ್ಪಾಜಿ?"

"ಒಂದೇ ಮನಿಗೆ ಎರಡು ಅಡ್ರೆಸ್ ಹೆಂಗೆ ಇರ್ತಾವವ್ವಾ? ಆ ಹುಡುಗ ಪ್ರತಿ ಸಲ ತಪ್ಪು ಹಾಕ್ತಾನೆ. ಅವನು ಮಾಡೋದು ನೋಡಿ ಕಲ್ತೀನಿ, ನಾನೇ ಸರಿಮಾಡ್ತೀನಿ."

ಅವಳಿಗೆ ನಗು ಬರಲಿಲ್ಲ. 'ಅವರಿಗೆ ಎಂಥಾ ಮಾತಂದುಬಿಟ್ಟೆ...' ಎಂದುಕೊಂಡಳು.

ಅಪ್ಪನಿಗೆ ಬಿಡಿಸಿ ಹೇಳಿ, ಹರಿಹರದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಕೊಟ್ಟೂರೇಶ್ ಒಬ್ಬನೇ ಇದ್ದ. ಅವಳನ್ನು ಕಂಡು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ತಪ್ಪು ನಂದೇ ರೀ. ಅಪ್ಪಾಜಿ ಎರಡಕ್ಕೂ ಒಂದೇ ನಂಬರ್ ಹಾಕ್ತಿದ್ರು."

"ಅದಕ್ಕೆ ಇಷ್ಟು ದೂರ ಬಂದ್ರಾ? ಫೋನ್ ಮಾಡಿದ್ರೆ ಆಗ್ತಿತ್ತು."

"ಫೋನಿನಲ್ಲಿ ನಿಮ್ಮ ಮುಖ ಕಾಣಲ್ಲ..."



"ನಾನು ಕೆಡಿಸಿಲ್ಲ ರಶ್ಮಿತಾ. ಆದ್ರೆ ನಿಮ್ಮನೆಯಿಂದ ಫೋನ್ ಬಂದ್ರೆ ಇದ್ದ ಕೆಲಸ ಬಿಟ್ಟು ಓಡಿ ಬರ್ತಿದ್ದೆ. ಅದು ನಿಜ."

ಮೊದಲ ಸಲ ಅವಳ ಹೆಸರು ಹಿಡಿದು ಕರೆದಿದ್ದ. ಅವಳ ಕಣ್ಣು ತುಂಬಿತು.

"ನೀವೇ ಕೆಡಿಸ್ತಿದ್ರೂ ನನಗೆ ಬೇಜಾರಿರಲಿಲ್ಲ... ನೀವು ಬರ್ಲಿ ಅಂತ ಕಾಯ್ತಿದ್ದೀನಿ ಅನ್ನೋದು ನಂಗೇ ಗೊತ್ತಾಗಿ, ನನ್ನ ಮೇಲಿನ ಸಿಟ್ಟು ನಿಮ್ಮ ಮೇಲೆ ತೀರಿಸ್ಕೊಂಡೆ."

ಅವನು ಸ್ಟೂಲು ಎಳೆದು ಹಾಕಿದ. "ಕೂಡ್ರಿ."

"ಭಾನುವಾರ ಮನೆಗೆ ಬರ್ರಿ," ಎಂದಳು ಕೂರುತ್ತಾ.

"ಏನ್ ರಿಪೇರಿ ಐತೆ?"

"ಏನೂ ಇಲ್ಲ. ಊಟಕ್ಕೆ. ನಿಮ್ಮ ಅವ್ವನ್ನೂ ಕರ್ಕೊಂಡು ಬರ್ರಿ."

"ಅವ್ವ ಯಾಕೆ ಅಂತ ಕೇಳಿದ್ರೆ?"

"ಹುಡುಗಿ ನೋಡೋಕೆ ಅಂತ ಹೇಳ್ರಿ."